ಆ ಹಲ್ಲು ಕೂಡುವುದಿಲ್ಲ, ಸಂಪಾದಕರೇ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಜಪಾನಿನ ‘ಎ ಬೇದಿಂಗ್ ಏಪ್’ ಎಂಬ ಬಟ್ಟೆ ಬ್ರ್ಯಾಂಡಿನ ಬಗ್ಗೆ ಬಂದ ಬರಹ ಓದಿದೆ. ಹುಡುಗರು ಸುಮ್ನೆ ‘ಬೇಪ್’ ಅನ್ನುತ್ತಾರಲ್ಲ, ಅದೇ. ಬರಹಕ್ಕಿಂತ ಮೊದಲು ಜೊತೆಗಿದ್ದ ಚಿತ್ರ ಕಣ್ಣಿಗೆ ಬಿತ್ತು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಶಾರ್ಕ್ ಮೀನಿನ ಮುಖದ ಹುಡಿ, ಅಂದರೆ ತಲೆಗೆ ಹಾಕಿಕೊಳ್ಳುವ ಟೊಪ್ಪಿಗೆಯನ್ನೂ (ಹುಡ್) ಸೇರಿಸಿ ಹೊಲಿದ ದಪ್ಪ ಮೇಲಂಗಿ. ಅದರ ಝಿಪ್ಪು ಎಲ್ಲ ಹುಡಿಗಳ ಹಾಗೆ ಕತ್ತಿನ ಹತ್ತಿರ ನಿಲ್ಲುವುದಿಲ್ಲ. ಹೊಟ್ಟೆಯಿಂದ ಹೊರಟು ಗಲ್ಲ, ಮೂಗು ದಾಟಿ ನೆತ್ತಿಯವರೆಗೆ ಹೋಗುತ್ತದೆ. ಪೂರ್ತಿ ಎಳೆದಾಗ ಎಡಗಡೆಯ ಅರ್ಧ ಬಾಯಿ, ಬಲಗಡೆಯ ಅರ್ಧ ಬಾಯಿ ಸೇರಿ ಒಂದು ಶಾರ್ಕಿನ ಬಾಯಿ ಆಗಬೇಕು. ನಿಮ್ಮ ಚಿತ್ರದಲ್ಲಿ ಎಡಗಡೆಯ ಹಲ್ಲಿನ ಸಾಲು ಬಲಗಡೆಯದ್ದಕ್ಕಿಂತ ಹೆಚ್ಚುಕಡಿಮೆ ಅರ್ಧ ಇಂಚು ಕೆಳಗಿದೆ. ನನ್ನ ಪ್ರಕಾರ ಅದು ನಕಲಿ ಮಾಲು. ಇಷ್ಟು ಧೈರ್ಯವಾಗಿ ಹೇಗೆ ಹೇಳುತ್ತೀರಿ ಅಂದರೆ, ಅಂಥದ್ದನ್ನು ಒಂದು ಕಾಲದಲ್ಲಿ ನಾನೇ ಪ್ರಿಂಟ್ ಮಾಡಿದ್ದೇನೆ.

ನಾನು 31 ವರ್ಷ ಕಾಟನ್‌ಪೇಟೆಯ ಒಂದು ಗಲ್ಲಿಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡಿದವನು, ಅಂದರೆ ಚೌಕಟ್ಟಿಗೆ ಬಿಗಿದ ಜಾಲರಿಯ (ಅದೇ ಸ್ಕ್ರೀನು) ಮೂಲಕ ಬಣ್ಣ ಒತ್ತಿ ಬಟ್ಟೆಯ ಮೇಲೆ ಚಿತ್ರ ಮೂಡಿಸುವವನು. ಎರಡು ಟೇಬಲ್ಲು, ಒಂದು ಎಕ್ಸ್‌ಪೋಸಿಂಗ್ ಡಬ್ಬ, ಒಬ್ಬ ಹುಡುಗ, ನಾನು. ಕಾಲೇಜು ಫೆಸ್ಟಿನ ಟೀ ಶರ್ಟು, ಚುನಾವಣೆ ಬಂದಾಗ ಪಕ್ಷದ ಟೀ ಶರ್ಟು, ರಾಜ್ಯೋತ್ಸವಕ್ಕೆ ಹಳದಿ ಕೆಂಪು. 2009ರಲ್ಲಿ ಒಬ್ಬ ವ್ಯಾಪಾರಿ ಒಂದು ಫೋಟೊ ತಂದು ‘ಈ ಮೀನಿನ ಮುಖ ಬೇಕು, 200 ಪೀಸು’ ಅಂದ. ಯಾರ ಡಿಸೈನು, ಏನು ಕಥೆ ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹುಡ್‌ನ ತುಂಡುಗಳನ್ನು ಕತ್ತರಿಸಿ ಮೂಟೆಯಲ್ಲಿ ಕಳಿಸಿದ. ಎಡದ್ದು ಬೇರೆ, ಬಲದ್ದು ಬೇರೆ. ನಾನು ಎರಡಕ್ಕೂ ಪ್ರಿಂಟ್ ಹೊಡೆದೆ. ಆಮೇಲೆ ಟೈಲರ್ ಝಿಪ್ ಕೂರಿಸಿದ.

ಮೊದಲ ಪೀಸು ಬಂದಾಗ ಝಿಪ್ ಎಳೆದು ನೋಡಿದೆ. ಶಾರ್ಕಿಗೆ ಲಕ್ವಾ ಹೊಡೆದ ಹಾಗಿತ್ತು. ಮೇಲಿನ ಹಲ್ಲು ಒಂದು ಕಡೆ, ಕೆಳಗಿನ ತುಟಿ ಒಂದು ಕಡೆ. ಒಳಗೆ ನಯವಾದ ಜೂಲಿರುವ ದಪ್ಪ ಹೊಸಿಯರಿ ಬಟ್ಟೆ, ಟೇಬಲ್ ಮೇಲೆ ಹಾಸುವಾಗ ಒಂದು ತುಂಡು ಸ್ವಲ್ಪ ಎಳೆದುಕೊಳ್ಳುತ್ತದೆ, ಇನ್ನೊಂದು ಎಳೆದುಕೊಳ್ಳುವುದಿಲ್ಲ. ಟೈಲರ್ ಒಂದು ಕಡೆ ಕಾಲು ಇಂಚು ಒಳಗೆ ಮಡಿಸಿದರೆ ಇನ್ನೊಂದು ಕಡೆ ಅದಕ್ಕಿಂತ ಜಾಸ್ತಿ ಮಡಿಸಿರುತ್ತಾನೆ. ಎಲ್ಲರ ಕಾಲು ಕಾಲು ಇಂಚಿನ ತಪ್ಪು ಬಂದು ಸೇರುವುದು ಮೂಗಿನ ತುದಿಯಲ್ಲಿ. 200ರಲ್ಲಿ ಸರಿಯಾಗಿ ಬಾಯಿ ಮುಚ್ಚಿದ್ದು ಇಪ್ಪತ್ತೂ ಇರಲಿಲ್ಲ. ವ್ಯಾಪಾರಿ ಅಡ್ವಾನ್ಸ್ ಬಿಟ್ಟು ಉಳಿದ ದುಡ್ಡು ಕೊಡಲಿಲ್ಲ. ಮಾಲನ್ನು ಮಾತ್ರ ಬಿಡದೆ ಎತ್ತಿಕೊಂಡು ಹೋದ. ಆರು ಪೀಸು ನನ್ನ ಹತ್ತಿರವೇ ಉಳಿದವು.

ಆ ಮೀನು ಯಾರದ್ದು ಅಂತ ಗೊತ್ತಾಗಿದ್ದು 2018ರಲ್ಲಿ. ಮಗಳು ಅಳಿಯ ಟೋಕಿಯೊದ ನಿಶಿ ಕಸಾಯಿಯಲ್ಲಿದ್ದಾರೆ. ನಮ್ಮ ಕಡೆಯವರು ಜಾಸ್ತಿ ಇರುವ ಜಾಗ, ಸಾಸಿವೆ ಕರಿಬೇವಿಗೆ ತೊಂದರೆ ಇಲ್ಲ. ಆ ನವೆಂಬರಿನಲ್ಲಿ ಹೋದಾಗ ಮೊಮ್ಮಗ ಹರಾಜುಕುಗೆ ಕರೆದುಕೊಂಡು ಹೋದ. ಆಗ ಅಲ್ಲಿ ಹಳೆಯ ಮರದ ರೈಲು ನಿಲ್ದಾಣ ಇನ್ನೂ ಇತ್ತು, 1924ರದ್ದು. ಆಮೇಲೆ ಕೆಡವಿದರಂತೆ. ಎದುರಿಗೇ ತಕೆಶಿತಾ ಬೀದಿ, ನಮ್ಮ ಅವೆನ್ಯೂ ರೋಡು ಹಬ್ಬದ ಹಿಂದಿನ ದಿನ ಇರುವ ಹಾಗೆ. ಆದರೆ ಹುಡುಗ ಅಲ್ಲಿ ನಿಲ್ಲಲಿಲ್ಲ. ದೊಡ್ಡ ರಸ್ತೆ ದಾಟಿಸಿ ಹಿಂದಿನ ಓಣಿಗಳಿಗೆ ಕರೆದುಕೊಂಡು ಹೋದ. ಅದಕ್ಕೆ ಉರಾ ಹರಾಜುಕು ಅನ್ನುತ್ತಾರೆ. ‘ಉರಾ’ ಅಂದರೆ ಹಿಂಭಾಗ, ಹಿತ್ತಲು. ಹಿತ್ತಲ ಹರಾಜುಕು ಅನ್ನಿ.

ಅಲ್ಲಿನ ಅಂಗಡಿಯಲ್ಲಿ ನನ್ನ ಮೀನು ತೂಗುಹಾಕಿತ್ತು. ಬೆಲೆ ನಮ್ಮ ದುಡ್ಡಲ್ಲಿ 20 ಸಾವಿರ ದಾಟಿತ್ತು. ನಾನು ಬೆಲೆ ಬಿಟ್ಟು ನೇರ ಝಿಪ್ಪಿಗೆ ಕೈ ಹಾಕಿದೆ. ಅಂಗಡಿಯ ಹುಡುಗ ಏನೋ ಹೇಳಿ ತಲೆ ಬಾಗಿಸಿದ, ಅದು ‘ಮುಟ್ಟಿ’ ಅಂತಲೋ ‘ಮುಟ್ಟಬೇಡಿ’ ಅಂತಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಎಳೆದೆ. ಹಲ್ಲು ಹಲ್ಲಿಗೆ ಕೂತಿತು. ಪಕ್ಕದ್ದನ್ನೂ ಎಳೆದೆ, ಅದೂ ಕೂತಿತು. ಆ ಮೂವತ್ತೊಂದು ವರ್ಷದಲ್ಲಿ ನನಗೆ ಅಷ್ಟು ನಾಚಿಕೆ ಆಗಿದ್ದು ನೆನಪಿಲ್ಲ.

ಅದಕ್ಕೇ ನಿಮ್ಮ ಬರಹದ ಎರಡು ಮಾತು ನನಗೆ ಸರಿಬರಲಿಲ್ಲ.

ಮೊದಲನೆಯದು, ಹೆಸರು. ನಾಗಾನೊ ಪ್ರಾಂತ್ಯದಲ್ಲಿ ಹಿಮ ಬೀಳುವಾಗ ಬಿಸಿನೀರಿನ ಬುಗ್ಗೆಯಲ್ಲಿ ಕೂರುವ ಕೋತಿಗಳಿಂದ ಈ ಹೆಸರು ಬಂತು ಅಂತ ಬರೆದಿದ್ದೀರಿ. ಆ ಕೋತಿಗಳು ನಿಜ, ಪ್ರವಾಸಿಗರು ಫೋಟೊ ತೆಗೆಯುವುದೂ ನಿಜ. ಆದರೆ ಈ ಕೋತಿ ಕೂತಿರುವುದು ಬಿಸಿನೀರಲ್ಲಿ ಅಲ್ಲ, ಉಗುರುಬೆಚ್ಚಗಿನ ನೀರಲ್ಲಿ. ಪೂರ್ತಿ ಹೆಸರು ‘ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡುವ ಕೋತಿ’ ಅಂತ. ಅಳಿಯಂದಿರಿಗೆ ಜಪಾನೀಸ್ ಬರುತ್ತದೆ, ಅವರೇ ಬಿಡಿಸಿ ಹೇಳಿದರು. ಜಪಾನಿನವರಿಗೆ ಸ್ನಾನದ ನೀರು ಸುಡಬೇಕು. ತೊಟ್ಟಿಯಲ್ಲಿ ಬಹಳ ಹೊತ್ತು ಕೂತರೆ ನೀರು ಆರಿ ಉಗುರುಬೆಚ್ಚಗಾಗುತ್ತದೆ. ಆಗ ಎದ್ದು ಬಂದರೆ ಚಳಿ. ಅದಕ್ಕೆ ಏಳದೆ ಸುಮ್ಮನೆ ಅಲ್ಲೇ ಕೂತಿರುವುದು. ಹೀಗೆ ಯಾವ ಕಷ್ಟವೂ ಬೇಡ ಅಂತ ಹಾಯಾಗಿ ಜೋಲಿ ಬಿದ್ದವರನ್ನು ಆಡಿಕೊಳ್ಳಲು ಅವರ ಭಾಷೆಯಲ್ಲಿ ಈ ಮಾತಿದೆ. ಅಪ್ಪ ಅಮ್ಮನ ದುಡ್ಡಲ್ಲಿ ಬೆಚ್ಚಗಿರುವ ಹುಡುಗರಿಗೆ ಬಟ್ಟೆ ಮಾರುವ ಬ್ರ್ಯಾಂಡು, ಅದೇ ಹುಡುಗರನ್ನು ಎದೆಯ ಮೇಲೆಯೇ ‘ನೀನೊಂದು ಕೋತಿ ಕಣೋ’ ಅಂತ ಕಿಚಾಯಿಸುತ್ತಿದೆ. ಹುಡುಗರು ದುಡ್ಡು ಕೊಟ್ಟು ಕಿಚಾಯಿಸಿಕೊಳ್ಳುತ್ತಿದ್ದಾರೆ! ನೀವು ಅದನ್ನು ಪ್ರವಾಸೋದ್ಯಮ ಮಾಡಿಬಿಟ್ಟಿರಿ. ಇನ್ನು ಆ ಕೋತಿಯ ಮುಖ ಬಂದಿದ್ದು ‘ಪ್ಲಾನೆಟ್ ಆಫ್ ದಿ ಏಪ್ಸ್’ ಸಿನಿಮಾದಿಂದ, ನಾಗಾನೊದ ಕಾಡಿನಿಂದ ಅಲ್ಲ. ಬ್ರ್ಯಾಂಡ್ ಕಟ್ಟಿದವನಿಗೆ ಸ್ಕೇಟ್‌ಥಿಂಗ್ ಎಂಬ ಅಡ್ಡಹೆಸರಿನ ಡಿಸೈನರ್ ಗೆಳೆಯನೊಬ್ಬನಿದ್ದ, ಅವನ ತಲೆಯಲ್ಲಿ ಹೊಳೆದದ್ದು ಇದೆಲ್ಲ.

ಬ್ರ್ಯಾಂಡ್ ಕಟ್ಟಿದವನ ಹೆಸರು ನಿಗೊ ಅಂತ ಬರೆದು ಮುಂದೆ ಹೋಗಿದ್ದೀರಿ. ಆ ಹೆಸರೂ ಒಂದು ತಮಾಷೆಯೇ. ನಿಜವಾದ ಹೆಸರು ತೊಮೊಆಕಿ ನಾಗಾವೊ. ಆಗಿನ ಹರಾಜುಕು ಹುಡುಗರಿಗೆಲ್ಲ ಗುರು ಅಂದರೆ ಹಿರೋಶಿ ಫುಜಿವಾರಾ ಎಂಬ ಡಿಜೆ. ನಾಗಾವೊ ನೋಡಲು ಆ ಫುಜಿವಾರಾನ ಹಾಗೇ ಇದ್ದನಂತೆ. ಅದಕ್ಕೆ ‘ಫುಜಿವಾರಾ ನಂಬರ್ ಎರಡು’ ಅಂತ ಕರೆದರು. ‘ನಿಗೊ’ ಅಂದರೆ ಅಷ್ಟೇ, ಎರಡನೇ ನಂಬರು. ಯಾರೋ ರೇಗಿಸಿಟ್ಟ ಹೆಸರನ್ನೇ ಜೀವಮಾನವಿಡೀ ಹಾಕಿಕೊಂಡವನು ಗಿರಾಕಿಯನ್ನು ಕೋತಿ ಅಂದಿದ್ದರಲ್ಲಿ ಆಶ್ಚರ್ಯ ಏನಿದೆ?

ಎರಡನೆಯ ಮಾತು ಇನ್ನೂ ಮುಖ್ಯ. ‘ಬೇಕೆಂದೇ ಅಭಾವ ಸೃಷ್ಟಿಸಿ ಜನರನ್ನು ಮರುಳು ಮಾಡಿದ ಬ್ರ್ಯಾಂಡ್’ ಅಂತ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಆಮೇಲೆ ಹಾಗಾಗಿದ್ದು ಹೌದು. ಶುರುವಿನಲ್ಲಿ ಅಲ್ಲ.

ನಿಗೊ ಮತ್ತು ಅವನ ಗೆಳೆಯ ಜುನ್ ತಕಾಹಶಿ ಇಬ್ಬರೂ ಟೋಕಿಯೊದ ಬುಂಕಾ ಫ್ಯಾಶನ್ ಕಾಲೇಜಿನಲ್ಲಿ ಓದಿದವರು. ಒಂದು ಪತ್ರಿಕೆಯಲ್ಲಿ ಇಬ್ಬರೂ ಸೇರಿ ಅಂಕಣ ಬರೆಯುತ್ತಿದ್ದರು. ಯಾವ ಹಾಡು ಕೇಳಬೇಕು, ಯಾವ ಶೂ ಹಾಕಬೇಕು ಅನ್ನುವ ಥರದ್ದು. 1993ರ ಏಪ್ರಿಲ್ 1ರಂದು ಸಾಲ ಮಾಡಿ ಹಿತ್ತಲ ಹರಾಜುಕುವಿನಲ್ಲಿ ‘ನೋವೇರ್’ ಅಂತ ಒಂದು ಅಂಗಡಿ ತೆಗೆದರು. ಎಲ್ಲೂ ಇಲ್ಲದ ಅಂಗಡಿ, ಅದೂ ಏಪ್ರಿಲ್ ಫೂಲ್ ದಿನ. ನಿಗೊಗೆ ಆಗ 22 ವರ್ಷ. ತಕಾಹಶಿ ತನ್ನ ‘ಅಂಡರ್‌ಕವರ್’ ಬಟ್ಟೆ ಮಾರುತ್ತಿದ್ದ. ನಿಗೊ ಮೊದಲು ಬೇರೆಯವರ ಮಾಲು ತಂದು ಮಾರಿದ, ಆಮೇಲೆ ತನ್ನ ಟೀ ಶರ್ಟು ಶುರು ಮಾಡಿದ. ವಾರಕ್ಕೆ 30ರಿಂದ 50 ಟೀ ಶರ್ಟು. ಅದರಲ್ಲಿ ಅರ್ಧ ಗೆಳೆಯರಿಗೆ ಪುಕ್ಕಟೆ. ಉಳಿದರ್ಧ ಮಾರಾಟಕ್ಕೆ.

ನೀವು ಈ ಸಂಖ್ಯೆ ಓದಿ ‘ಆಹಾ, ಏನು ತಂತ್ರ’ ಅನ್ನುತ್ತೀರಿ. ನಾನು ಓದಿ ನಕ್ಕೆ. ಎದೆಯ ಮೇಲೆ ಒಂದು ಕೋತಿ ತಲೆ, ಒಂದು ಬಣ್ಣ, ಒಂದು ಸ್ಕ್ರೀನು. ಒಂದು ಟೇಬಲ್ಲಿನಲ್ಲಿ ನಾನೂ ನನ್ನ ಹುಡುಗನೂ ಬೆಳಿಗ್ಗೆ ಕಾಫಿ ಕುಡಿದು ಕೂತರೆ ಊಟದ ಹೊತ್ತಿಗೆ 50 ಮುಗಿಸುತ್ತಿದ್ದೆವು. ಒಣಹಾಕುವುದಕ್ಕೆ ಹಗ್ಗ ಸಾಲದೆ ಬಾಗಿಲ ಮೇಲೂ ನೇತುಹಾಕುತ್ತಿದ್ದೆವು. ವಾರಕ್ಕೆ 50 ಅಂದರೆ ಅದು ತಂತ್ರ ಅಲ್ಲ, ಕೈಯಲ್ಲಿ ದುಡ್ಡಿಲ್ಲ ಅಂತ. ಪ್ರಿಂಟ್ ಇಲ್ಲದ ಕೋರಾ ಟೀ ಶರ್ಟಿಗೆ ಮೊದಲೇ ದುಡ್ಡು ಕಟ್ಟಬೇಕು. ಮಾರಾಟ ಆಗದಿದ್ದರೆ ಪ್ರಿಂಟ್ ಹೊಡೆದ ಬಟ್ಟೆಯನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಈ ಕಸುಬಿನಲ್ಲಿ ಬಂಡವಾಳ ಇಲ್ಲದವನು ಸ್ವಲ್ಪ ಸ್ವಲ್ಪವೇ ಹೊಡೆಯುವುದು. ನಾನೂ ಹಾಗೇ ಶುರು ಮಾಡಿದ್ದು. ವ್ಯತ್ಯಾಸ ಏನೆಂದರೆ, ನಾನು ಅರ್ಧ ಮಾಲನ್ನು ಗೆಳೆಯರಿಗೆ ಹಂಚಿದ್ದರೆ ನನ್ನ ಹೆಂಡತಿ ಮನೆಗೆ ಸೇರಿಸುತ್ತಿರಲಿಲ್ಲ. ಅವನ ಗೆಳೆಯರೆಲ್ಲ ಕಾರ್ನೀಲಿಯಸ್ ಥರದ ಸಂಗೀತಗಾರರು, ಪತ್ರಿಕೆಗಳಲ್ಲಿ ಫೋಟೊ ಬರುವಂಥವರು. ನನ್ನ ಗೆಳೆಯರು ಆಟೊ ಓಡಿಸುತ್ತಿದ್ದರು.

ಮತ್ತೆ ಇದರಲ್ಲಿ ನಿಮ್ಮಂಥ ಪತ್ರಿಕೆಗಳ ಪಾಲೂ ಉಂಟು. ಫೋಟೊದಲ್ಲಿ ನೋಡಿದ ಹುಡುಗ ಅಂಗಡಿಗೆ ಬರುತ್ತಾನೆ, ಮಾಲು ಖಾಲಿ. ಮುಂದಿನ ವಾರ ಬರುತ್ತಾನೆ, ಮತ್ತೆ ಖಾಲಿ. ಮೂರನೇ ವಾರ ಅವನು ಅಂಗಡಿ ತೆಗೆಯುವ ಮುಂಚೆಯೇ ಬಾಗಿಲಲ್ಲಿ ನಿಂತಿರುತ್ತಾನೆ. ಹೀಗೆ ಹುಟ್ಟಿದ್ದು ಆ ಸಾಲು.

ಬುದ್ಧಿವಂತಿಕೆ ಬಂದಿದ್ದು ಆಮೇಲೆ. 1998ರ ಹೊತ್ತಿಗೆ ಜಪಾನಿನಾದ್ಯಂತ ಸುಮಾರು 40 ಕಡೆ ಬೇಪ್ ಸಿಗುತ್ತಿತ್ತು. ಯಾವ ವ್ಯಾಪಾರಿಯಾದರೂ ಅದನ್ನು 80 ಮಾಡುತ್ತಿದ್ದ. ನಿಗೊ ಬೇರೆಯವರ ಅಂಗಡಿಗಳಿಂದ ಮಾಲು ಎಳೆದುಕೊಂಡು ತನ್ನವೇ ಕೆಲವು ಅಂಗಡಿಗಳಿಗೆ ಇಳಿಸಿದ. ಅಲ್ಲೂ ಒಬ್ಬರಿಗೆ ಒಂದು ಡಿಸೈನಿನಲ್ಲಿ ಒಂದೇ, ಅದೂ ನಿಮ್ಮ ಅಳತೆಯದ್ದೇ, ತಮ್ಮನಿಗೆ ಅಂತ ಹೇಳಿ ಇನ್ನೊಂದು ಕೇಳುವ ಹಾಗಿಲ್ಲ. ಇದನ್ನು ಬೇಕಾದರೆ ಅಭಾವ ಸೃಷ್ಟಿ ಅನ್ನಿ, ನಾನು ತಕರಾರು ಮಾಡುವುದಿಲ್ಲ. ಆದರೆ ಅದೇ ಮನುಷ್ಯ 2001ರಲ್ಲಿ ತನ್ನ ಮಿಲಿಟರಿ ಬಣ್ಣದ ಡಿಸೈನನ್ನು ಜಪಾನಿನ ಪೆಪ್ಸಿ ಡಬ್ಬಗಳ ಮೇಲೆ ಹಾಕಿಸಿದ. ಟೀ ಶರ್ಟು ಯಾರಿಗೂ ಸಿಗುವುದಿಲ್ಲ, ಡಬ್ಬ ಎಲ್ಲರಿಗೂ ಸಿಗುತ್ತದೆ. ಈ ಆಸಾಮಿಯನ್ನು ಒಂದೇ ವಾಕ್ಯದಲ್ಲಿ ಹಿಡಿಯಲು ಆಗುವುದಿಲ್ಲ, ಅಲ್ವಾ?

ಆ ಮಿಲಿಟರಿ ಡಿಸೈನಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅಂಗಡಿಯಲ್ಲಿ ದೂರದಿಂದ ನೋಡಿ ನಾನು ಮಿಲಿಟರಿ ಬಟ್ಟೆ ಅಂದುಕೊಂಡೆ. ಮೊಮ್ಮಗ ‘ತಾತ, ಕೋತಿ ಎಲ್ಲಿದೆ ಹುಡುಕಿ’ ಅಂದ. ಹತ್ತಿರ ಹೋಗಿ ನೋಡಿದರೆ, ಆ ಹಸಿರು ಕಂದು ಮಚ್ಚೆಗಳ ಮಧ್ಯೆ ಕೆಲವು ಮಚ್ಚೆಗಳು ಮಚ್ಚೆಗಳೇ ಅಲ್ಲ, ಪಕ್ಕಕ್ಕೆ ತಿರುಗಿದ ಕೋತಿ ತಲೆಗಳು. ಒಂದು ಕಂಡ ಮೇಲೆ ಎಲ್ಲ ಕಡೆ ಕೋತಿಯೇ. ಪ್ರಿಂಟಿಂಗ್ ಗೊತ್ತಿದ್ದವರಿಗೆ ಇದರ ಕಷ್ಟ ಗೊತ್ತಾಗುತ್ತದೆ. ನಮ್ಮ ಟೇಬಲ್ಲಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನು. ನಾಲ್ಕು ಬಣ್ಣ ಅಂದರೆ ಅದೇ ಬಟ್ಟೆಯ ಮೇಲೆ ನಾಲ್ಕು ಸಲ, ಅದೇ ಜಾಗದಲ್ಲಿ, ಕೂದಲೆಳೆಯಷ್ಟೂ ಕದಲದೆ. ಮಾಮೂಲಿ ಮಿಲಿಟರಿ ಮಚ್ಚೆಯಾದರೆ ಸ್ವಲ್ಪ ಕದಲಿದರೂ ಯಾರಿಗೂ ಗೊತ್ತಾಗುವುದಿಲ್ಲ, ಮಚ್ಚೆ ಹೇಗಿದ್ದರೂ ಮಚ್ಚೆ. ಅದಕ್ಕೇ ಹೊಸ ಹುಡುಗರಿಗೆ ಮೊದಲು ಅದನ್ನು ಕೊಡುತ್ತಿದ್ದೆವು. ಆದರೆ ಮಚ್ಚೆಯಲ್ಲಿ ಮುಖ ಅಡಗಿಸಿದರೆ ಕಥೆ ಬೇರೆ. ಒಂದು ಸ್ಕ್ರೀನ್ ಜಾರಿದರೆ ಕೋತಿಯ ಮೂತಿ ಕರಗಿ ಹೋಗುತ್ತದೆ.

ಶೂ ವಿಷಯದಲ್ಲಿ ನನಗೆ ಅವರ ಮೇಲೆ ಅಷ್ಟು ಒಲವಿಲ್ಲ, ಅದನ್ನೂ ಹೇಳಿಬಿಡುತ್ತೇನೆ. 2000ದಲ್ಲಿ ಬಂದ ಬೇಪ್‌ಸ್ಟಾ ಅನ್ನುವ ಶೂ ನೈಕಿಯವರ ಏರ್ ಫೋರ್ಸ್ 1 ಇದ್ದ ಹಾಗೇ ಇದೆ. ನೈಕಿಯ ಗುರುತು ಇರುವ ಜಾಗದಲ್ಲಿ ಬಾಲವಿರುವ ಒಂದು ನಕ್ಷತ್ರ, ಮೇಲೆ ಕಾರಿಗೆ ಬಳಿದ ಹಾಗೆ ಹೊಳೆಯುವ ಪೇಟೆಂಟ್ ಲೆದರು, ಮಿಠಾಯಿ ಬಣ್ಣ. 2003ರಲ್ಲಿ ಅಮೆರಿಕದ ಹಾಡುಗಾರ ಫ್ಯಾರೆಲ್ ವಿಲಿಯಮ್ಸ್ ನಿಗೊಗೆ ಗೆಳೆಯನಾದ ಮೇಲೆ ಅಲ್ಲಿನ ರ‍್ಯಾಪ್ ಹುಡುಗರ ಕಾಲಿಗೆಲ್ಲ ಅದೇ ಬಂತು. ತಲೆಯಿಂದ ಕಾಲಿನವರೆಗೆ ಒಂದೊಂದೂ ಕೂಗುವ ಬಣ್ಣ, ಅಳತೆಗಿಂತ ದೊಡ್ಡ ಹುಡಿ. ಹಿತ್ತಲ ಓಣಿಯ ಬಟ್ಟೆ ನ್ಯೂಯಾರ್ಕಿನ ಬೀದಿ ಬಟ್ಟೆ ಆಯಿತು. ನೈಕಿಯವರು ಎಷ್ಟೋ ವರ್ಷ ಸುಮ್ಮನಿದ್ದು 2023ರಲ್ಲಿ ಕೋರ್ಟಿಗೆ ಹೋದರು. 2024ರಲ್ಲಿ ರಾಜಿಯಾಯಿತು, ಕೆಲವು ಮಾದರಿ ನಿಲ್ಲಿಸಿ, ಕೆಲವನ್ನು ಬದಲಾಯಿಸಲು ಬೇಪ್‌ನವರು ಒಪ್ಪಿದರು. ಬೇರೆಯವರ ಶೂ ನೋಡಿ ಶೂ ಮಾಡಿದವರ ಹುಡಿಯನ್ನು ಬೇರೆಯವರು ನೋಡಿ ಮಾಡಿದರು, ಅದರಲ್ಲಿ 200 ಪೀಸು ನನ್ನದು. ಹಾಗಂತ ನನ್ನ ತಪ್ಪು ಸರಿ ಅಂತ ನಾನು ಹೇಳುತ್ತಿಲ್ಲ. ಅವರು ನಕ್ಷತ್ರವನ್ನಾದರೂ ತಮ್ಮದು ಹಾಕಿದರು. ನಾನು ಅದನ್ನೂ ಮಾಡಲಿಲ್ಲ.

ಬೆಳೆದಿದ್ದೇ ಮುಳುವಾಯಿತು ಅಂತ ನನಗೆ ಅನ್ನಿಸುತ್ತದೆ. ಲಂಡನ್ನಿನಲ್ಲಿ ಅಂಗಡಿ, ನ್ಯೂಯಾರ್ಕಿನಲ್ಲಿ ಅಂಗಡಿ, ಕಾಫಿ ಹೋಟೆಲು, ಕ್ಷೌರದಂಗಡಿ ಕೂಡ. ಮಕ್ಕಳ ಅಂಗಡಿಯಲ್ಲಿ ಬಣ್ಣ ಬಣ್ಣದ ಸ್ಪಂಜಿನ ಬಾಳೆಹಣ್ಣು ತುಂಬಿದ ಒಂದು ಕೊಳ ಮಾಡಿಟ್ಟಿದ್ದರು, ನಮ್ಮ ಚಿಕ್ಕ ಮೊಮ್ಮಗಳು ಅದರಿಂದ ಹೊರಗೆ ಬರಲು ಒಪ್ಪಲಿಲ್ಲ. ಇದಕ್ಕೆಲ್ಲ ದುಡ್ಡು ಬೇಡವೇ? ಸಾಲ ಏರಿತು. 2011ರಲ್ಲಿ ಹಾಂಗ್‌ಕಾಂಗಿನ ಐ.ಟಿ ಎಂಬ ಕಂಪನಿ ನೂರಕ್ಕೆ ಸುಮಾರು 90 ಪಾಲನ್ನು 23 ಕೋಟಿ ಯೆನ್‌ಗೆ ಕೊಂಡಿತು. ಪ್ರಪಂಚದ ಹುಡುಗರು ಸಾಲು ನಿಂತ ಬ್ರ್ಯಾಂಡಿಗೆ ಅದು ಏನೇನೂ ಅಲ್ಲ, ಸಾಲದ ಹೊರೆಯನ್ನೂ ಸೇರಿಸಿ ಕೊಂಡದ್ದಕ್ಕೆ ಆ ಬೆಲೆ. 2013ರಲ್ಲಿ ನಿಗೊ ಹೊರಗೆ ಬಂದ. ನಿಮ್ಮ ಬರಹದಲ್ಲಿ ಈಗಲೂ ಅವನೇ ನಡೆಸುತ್ತಿದ್ದಾನೆ ಅನ್ನುವ ಹಾಗಿದೆ, ಅದನ್ನೂ ತಿದ್ದಿಕೊಳ್ಳಿ. ಅವನದ್ದು ಈಗ ‘ಹ್ಯೂಮನ್ ಮೇಡ್’ ಅಂತ ಬೇರೆ ಬ್ರ್ಯಾಂಡಿದೆ. 2021ರಲ್ಲಿ ಪ್ಯಾರಿಸ್ಸಿನ ಕೆಂಝೊ ಸಂಸ್ಥೆಯ ವಿನ್ಯಾಸದ ಮುಖ್ಯಸ್ಥನೂ ಆದ. ಆ ಸಂಸ್ಥೆ ಕಟ್ಟಿದ ಕೆಂಝೊ ತಕಾದಾ ಕೂಡ ಬುಂಕಾ ಕಾಲೇಜಿನವರೇ. ಆ ಜಾಗದಲ್ಲಿ ಕೂತ ಜಪಾನೀಯರಲ್ಲಿ ಅವರು ಮೊದಲಿಗರು, ಇವನು ಅಲ್ಲೂ ನಂಬರ್ ಎರಡು.

ನನ್ನ ಬೇಡಿಕೆ ಇಷ್ಟೇ. ಮುಂದಿನ ಭಾನುವಾರ ಸಾಧ್ಯವಾದರೆ ಅಸಲಿ ಹುಡಿಯ ಚಿತ್ರ ಹಾಕಿ, ಝಿಪ್ ಪೂರ್ತಿ ಎಳೆದದ್ದು. ಉಗುರುಬೆಚ್ಚಗಿನ ನೀರಿನ ವಿಷಯ ಒಂದು ಸಾಲು ಬರೆಯಿರಿ. ನನ್ನ ಹೆಸರು ದಯವಿಟ್ಟು ಹಾಕಬೇಡಿ, ಆ ವ್ಯಾಪಾರಿ ಇನ್ನೂ ಚಿಕ್ಕಪೇಟೆಯಲ್ಲೇ ಓಡಾಡಿಕೊಂಡಿದ್ದಾನೆ.

ಉಳಿದ ಆರು ಪೀಸಿನಲ್ಲಿ ಐದು ಯಾರ್ಯಾರಿಗೋ ಹೋದವು. ಒಂದು ಮನೆಯಲ್ಲೇ ಇದೆ. ಡಿಸೆಂಬರ್ ಚಳಿಯಲ್ಲಿ ನನ್ನ ಹೆಂಡತಿ ಸೀರೆಯ ಮೇಲೆ ಅದನ್ನು ಹಾಕಿಕೊಂಡು ಹಾಲು ತರಲು ಬೂತಿಗೆ ಹೋಗುತ್ತಾಳೆ. ಹೋದ ವರ್ಷ ಎದುರು ಮನೆಯ ಪಿಯುಸಿ ಹುಡುಗ ನೋಡಿ ‘ಅಜ್ಜಿ, ಇದು ಬೇಪ್ ಅಲ್ವಾ!’ ಅಂತ ಕೂಗಿದ. ಇವಳು ‘ಬೇಪೋ ಗೀಪೋ, ನಮ್ಮ ಯಜಮಾನರು ಮಾಡಿದ್ದು ಕಣಪ್ಪ’ ಅಂದಳಂತೆ. ಹುಡುಗ ಒಂದು ಫೋಟೊ ತೆಗೆದುಕೊಳ್ಳಲೇ ಅಂತ ಕೇಳಿದ್ದಾನೆ. ತೆಗೆದುಕೋ ಅಂದಳಂತೆ. ಅವಳು ಝಿಪ್ಪನ್ನು ಯಾವತ್ತೂ ಕತ್ತಿನ ಮೇಲಕ್ಕೆ ಎಳೆಯುವುದಿಲ್ಲ, ನನ್ನ ಪುಣ್ಯ.

ಇಂತಿ,
ನಿವೃತ್ತ ಸ್ಕ್ರೀನ್ ಪ್ರಿಂಟರ್ ಒಬ್ಬರು
ಕಾಮಾಕ್ಷಿಪಾಳ್ಯ, ಬೆಂಗಳೂರು